ಹಳದಿ ಉಪ್ಪಿಟ್ಟು, ವಳಿವಡೆಯ ಮಕ್ಕಳು

ಕಳೆದ ತಿಂಗಳು ಮಗಳ ಶಾಲೆಯಿಂದ ಒಂದು ಸುತ್ತೋಲೆ ಬಂತು. ದೂರದ ದೇಶವೊಂದರ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಗೆ ಶಾಲೆ ಹಣ ಕೂಡಿಸುತ್ತಿದೆ, ಶುಕ್ರವಾರ ಮಕ್ಕಳೇ ತಿಂಡಿ ಮಾರುವ ಮೇಳ, ಜೊತೆಗೆ ಪ್ರತಿ ಮಗುವಿಗೂ ಒಂದು ಕಾಣಿಕೆ ಡಬ್ಬಿ. ಸುತ್ತೋಲೆಯ ಮೇಲೆ ಬರಿಗಾಲಿನ ಹುಡುಗನ ಫೋಟೋ.

ನಾನು ಸುಮ್ಮನಿರಬೇಕಿತ್ತು. ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೇಬಿಟ್ಟೆ: 'ನಮ್ಮ ರಾಯಬಾಗ ಕಡೆ ಸರ್ಕಾರಿ ಶಾಲೆಗಳ ಮಾಳಿಗೆ ಸೋರುತ್ತವೆ. ಮೊದಲು ಅದನ್ನು ನೋಡೋಣ, ಆಮೇಲೆ ಹೊರದೇಶ.' ಹನ್ನೊಂದು ಹೆಬ್ಬೆರಳು ಬಿದ್ದವು. ಖುಷಿಯಾಯಿತು. ಅದೇ ಖುಷಿಯಲ್ಲಿ ಊರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಮ್ಮಾ, ಸಾಲ್ಯಾಗ ನಾ ಏನ್ ತಿಂದ ಬೆಳದೇನಿ ಗೊತ್ತೇನ ನಿನಗ?" ಅಂದರು.

ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ಎಪ್ಪತ್ತರ ದಶಕದಲ್ಲಿ ಶಾಲೆ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ: ಕೇರ್ ಉಪ್ಪಿಟ್ಟು. ಹಳದಿ ಬಣ್ಣದ್ದು, ದೊಡ್ಡ ಡಬರಿಯಲ್ಲಿ ಕುದಿಯುತ್ತಿದ್ದದ್ದು. ವಾಸನೆ ಹಿಡಿಸದಿದ್ದರೂ ಹಸಿವಿಗೆ ಅದರಷ್ಟು ರುಚಿ ಬೇರೆ ಇರಲಿಲ್ಲವಂತೆ. ಆದರೆ 'ಕೇರ್' ಅಂದರೆ ಏನು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅದೊಂದು ಹಿಟ್ಟಿನ ಹೆಸರು ಅಂದುಕೊಂಡಿದ್ದೆ. ಅವತ್ತು ರಾತ್ರಿ ಓದಲು ಕೂತೆ.

ಕೇರ್ ಹುಟ್ಟಿದ್ದು 1945ರಲ್ಲಿ, ಅಮೆರಿಕದಲ್ಲಿ. ಆಗ ಅದರ ಕಣ್ಣ ಮುಂದೆ ಇದ್ದದ್ದು ಭಾರತವಲ್ಲ, ಯುದ್ಧದಲ್ಲಿ ಸುಟ್ಟುಹೋದ ಯುರೋಪು. 10 ಡಾಲರ್ ಕೊಟ್ಟರೆ ಯುರೋಪಿನ ಹಸಿದ ಕುಟುಂಬವೊಂದಕ್ಕೆ ನಿಮ್ಮ ಹೆಸರಲ್ಲಿ ಆಹಾರದ ಪೆಟ್ಟಿಗೆ ಹೋಗುತ್ತಿತ್ತು. ಮೊದಲ ಪೆಟ್ಟಿಗೆಗಳು 1946ರ ಮೇನಲ್ಲಿ ಫ್ರಾನ್ಸ್ ಮುಟ್ಟಿದವು. ಆಮೇಲೆ ಸಂಸ್ಥೆ ನಮ್ಮ ಕಡೆಗೂ ತಿರುಗಿತು. ಅಪ್ಪನ ಡಬರಿಗೆ ಬಿದ್ದ ಧಾನ್ಯದ ಬಹುಪಾಲು ಅಮೆರಿಕ ಸರ್ಕಾರದ ಹೆಚ್ಚುವರಿ ದಾಸ್ತಾನು, ಪಿ.ಎಲ್. 480 ಅನ್ನುವ 1954ರ ಕಾನೂನಿನಡಿ ಬಂದದ್ದು. ಅದರ ಹಿಂದೆ ರಾಜಕೀಯದ ಲೆಕ್ಕವೂ ಇತ್ತು. ಆದರೂ ಸಮುದ್ರದ ಆಚೆಯ ಮಕ್ಕಳ ಹಸಿವು ನಮ್ಮ ಸಂಬಂಧವೂ ಹೌದು ಅನ್ನುವ ಭಾವನೆ ಆ ದೇಶದ ಶಾಲೆಗಳಲ್ಲೂ ಬೆಳೆದಿತ್ತು. 1950ರಲ್ಲಿ ಫಿಲಡೆಲ್ಫಿಯಾದ ಕೆಲವು ಮಕ್ಕಳು ಹ್ಯಾಲೋವೀನ್ ದಿನ ಮಿಠಾಯಿಯ ಬದಲು ಹಾಲಿನ ಖಾಲಿ ಡಬ್ಬಿ ಹಿಡಿದು ಮನೆಮನೆಗೆ ಹೋಗಿ ಚಿಲ್ಲರೆ ಕೇಳಿದರು. ಕೂಡಿದ್ದು 17 ಡಾಲರ್. ಅದನ್ನು ಯುನಿಸೆಫ್‌ಗೆ ಕಳಿಸಿದರು. ಇವತ್ತು ನನ್ನ ಮಗಳ ಕೈಗೆ ಬಂದಿರುವ ಡಬ್ಬಿ ಅದರದೇ ಮರಿಮೊಮ್ಮಗಳು. ಅದೇ ಯುನಿಸೆಫ್ ಐವತ್ತರ ದಶಕದಲ್ಲಿ ಗುಜರಾತಿನ ಆನಂದ್ ಡೇರಿಗೆ ಯಂತ್ರ ಕೊಟ್ಟಿತು. ಹಾಲಿನ ಪುಡಿ ಕಳಿಸುವುದನ್ನು ಬಿಟ್ಟು, ಪುಡಿ ಮಾಡುವ ಶಕ್ತಿಯನ್ನೇ ಕಳಿಸಿತು. ಕೊಡುವುದರಲ್ಲೂ ಒಂದು ಜಾಣತನ ಇರುತ್ತದೆ ಅನ್ನುವುದಕ್ಕೆ ಅಮೂಲ್ ಸಾಕ್ಷಿ.

ಮರುದಿನ ಅಪ್ಪನಿಗೆ ಫೋನ್ ಮಾಡಿ, "ಹಂಗಾದ್ರ ನಾವು ಬರೇ ತಗೊಂಡವ್ರು" ಅಂದೆ.

"ಬರೇ ತಗೊಂಡವ್ರು ಯಾಕ? ವಳಿವಡ್ಯಾಗ ಬಿಳೇ ಮಂದಿ ಹುಡುಗ್ರು ಇದ್ರಂತ, ನಮ್ಮಪ್ಪ ಹೇಳತಿದ್ದ. ಅದನ್ನೂ ಒಂದೀಟ ಓದಿ ನೋಡ."

ವಳಿವಡೆ ನನಗೆ ಗೊತ್ತು. ಕೊಲ್ಹಾಪುರದ ಹತ್ತಿರದ ಗಾಂಧಿನಗರದ ಜವಳಿ ಪೇಟೆ ಇರುವುದು ಅಲ್ಲೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯವರು ಮದುವೆ ಜವಳಿಗೆ ಅಲ್ಲಿಗೇ ಹೋಗುತ್ತಾರೆ. ಅಕ್ಕನ ಮದುವೆಗೆ ನಾವೂ ಹೋಗಿದ್ದೆವು. ರಾಯಬಾಗದಲ್ಲಿ ರೈಲು ಹತ್ತಿ, ಕುಡಚಿ, ಉಗಾರ, ಶೇಡಬಾಳ ದಾಟಿ, ಮಿರಜದಲ್ಲಿ ಗಾಡಿ ಬದಲಿಸಿ. ಸೀರೆಯ ಗಂಟುಗಳ ಮೇಲೆ ಕೂತು ನಾನು ಕಬ್ಬಿನ ಹಾಲು ಕುಡಿದ ಆ ನೆಲದ ಕಥೆ ಮೂವತ್ತೆಂಟು ವರ್ಷಕ್ಕೆ ಗೊತ್ತಾಯಿತು.

1940ರಲ್ಲಿ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯ, ಕಜಕಸ್ತಾನದ ಕಡೆ ಗಡೀಪಾರು ಮಾಡಿತು. ಚಳಿ, ಹಸಿವೆ, ಕಾಯಿಲೆಗೆ ಎಷ್ಟೋ ಜನ ಸತ್ತರು. 1941ರಲ್ಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದ ಮೇಲೆ ಅವರ ಬಿಡುಗಡೆಯಾಯಿತು. ಬದುಕಿ ಉಳಿದವರಲ್ಲಿ ಬಹಳ ಮಂದಿ ಇರಾನಿಗೆ ಬಂದರು. ಅಪ್ಪ ಸೈನ್ಯದಲ್ಲಿ, ಇಲ್ಲವೇ ಸತ್ತಿದ್ದಾನೆ. ತಾಯಿ ಇದ್ದರೆ ಇದ್ದಾಳೆ. ಈ ಮಕ್ಕಳನ್ನು ಯಾರು ಇಟ್ಟುಕೊಳ್ಳಬೇಕು?

1942ರಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಜಾಮನಗರದ ಹತ್ತಿರದ ಬಾಲಾಚಡಿಯಲ್ಲಿ ನೂರಾರು ಮಕ್ಕಳಿಗೆ ನೆಲೆ ಕೊಟ್ಟರು. ಅವರ ಖರ್ಚಿಗೆ ಭಾರತದಲ್ಲೇ ಪೋಲಿಷ್ ಮಕ್ಕಳ ನಿಧಿ ಅಂತ ಒಂದು ಚಂದಾ ನಿಧಿ ಶುರುವಾಯಿತು. ಸಂಸ್ಥಾನಿಕರು, ಟಾಟಾದಂಥ ಉದ್ಯಮಿಗಳು ದುಡ್ಡು ಹಾಕಿದರು. ವಿದೇಶದ ಮಕ್ಕಳಿಗಾಗಿ ಭಾರತದಲ್ಲಿ ಹಣ ಎತ್ತಿದ್ದು ಯಾವಾಗ ನೋಡಿ. ನಮ್ಮದೇ ದೇಶ ಇನ್ನೂ ಪರರ ಕೈಯಲ್ಲಿ. 1942–43ರಲ್ಲಿ ಅಥಣಿಯ ಪಕ್ಕದ ವಿಜಾಪುರ ಜಿಲ್ಲೆಯಲ್ಲಿ ಬರ, 1943ರಲ್ಲಿ ಬಂಗಾಳದಲ್ಲಿ ಕ್ಷಾಮ. 'ಮೊದಲು ನಮ್ಮ ಮಾಳಿಗೆ' ಅನ್ನುವುದಕ್ಕೆ ನನಗಿಂತ ಅವರಿಗೆ ಹೆಚ್ಚು ಹಕ್ಕಿತ್ತು.

1943ರಲ್ಲಿ ವಳಿವಡೆಯಲ್ಲಿ ಇನ್ನೂ ದೊಡ್ಡ ವಸತಿ ಎದ್ದಿತು. ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು, ಮಕ್ಕಳು. ಇದರ ಖರ್ಚು ಲಂಡನ್ನಿನಲ್ಲಿದ್ದ ಪೋಲೆಂಡಿನ ದೇಶಭ್ರಷ್ಟ ಸರ್ಕಾರದ್ದು. ನೆಲ ಕೊಲ್ಹಾಪುರ ಸಂಸ್ಥಾನದ್ದು. ಆಗ ಆ ಗಾದಿಯ ಮೇಲೆ ಇದ್ದದ್ದೂ ಎಳೆ ಮಗುವೇ, ಆರನೇ ಶಿವಾಜಿ. ಇನ್ನೊಂದು ವಿಷಯ: ಅಥಣಿ, ಚಿಕ್ಕೋಡಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ನಮ್ಮ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೂ ನಮ್ಮಜ್ಜ ಅದೇ ಸಂಸ್ಥಾನದ ಪ್ರಜೆ. ಅಂದರೆ ಆ ಮಕ್ಕಳು ಇದ್ದದ್ದು ಲೆಕ್ಕದ ಪ್ರಕಾರ ನಮ್ಮ ಮನೆಯಂಗಳದಲ್ಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಶಾಲೆಗಳು. ಚರ್ಚು, ಆಸ್ಪತ್ರೆ, ಸ್ಕೌಟ್ ದಳ ಎಲ್ಲ ಇದ್ದ ಆ ವಸತಿಯಲ್ಲಿ ಮಕ್ಕಳು ಪೋಲಿಷ್ ಭಾಷೆಯಲ್ಲೇ ಓದಿದರು. ಅನ್ನ ತಿಂದಿದ್ದಕ್ಕೆ ಮರಾಠಿ ಕಲಿಯಿರಿ, ಇಂಗ್ಲಿಷ್ ಕಲಿಯಿರಿ ಅಂತ ಯಾರೂ ಷರತ್ತು ಹಾಕಲಿಲ್ಲ. ಸಾಲಿ ಕನ್ನಡದ್ದೋ ಮರಾಠಿದೋ ಅಂತ ದಶಕಗಟ್ಟಲೆ ಜಗಳಾಡಿದ ನಮ್ಮ ಗಡಿ ಸೀಮೆಗೆ ಇದು ಸಣ್ಣ ಮಾತಲ್ಲ. ಆ ಮಕ್ಕಳಿಗೆ ತಾವು ಯಾರು ಅನ್ನುವುದನ್ನು ಮರೆಯದೆ ಬದುಕಲು ಜಾಗ ಸಿಕ್ಕಿತ್ತು.

1948ರಲ್ಲಿ ವಸತಿ ಮುಚ್ಚಿತು. ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಅಲ್ಲಿಗೆ ಬಂದರು. ಅವರೇ ಕಟ್ಟಿದ ಪೇಟೆ ಇವತ್ತಿನ ಗಾಂಧಿನಗರ. 2024ರ ಆಗಸ್ಟಿನಲ್ಲಿ ಪ್ರಧಾನಿ ವಾರ್ಸಾದಲ್ಲಿರುವ ಕೊಲ್ಹಾಪುರ ಸ್ಮಾರಕಕ್ಕೆ ಗೌರವ ಸಲ್ಲಿಸಿದ ಸುದ್ದಿಯನ್ನು ನಾನೂ ಮೊಬೈಲಿನಲ್ಲಿ ಬೆರಳಿಂದ ಮೇಲೆ ತಳ್ಳಿದ್ದೆ.

ಇಷ್ಟೆಲ್ಲ ಹೇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಚೀಟಿ ಮ್ಯಾಲಿನ ಹುಡುಗನ ಹೆಸರೇನ?"

ಹೆಸರು ಇರಲಿಲ್ಲ.

"ನಮ್ಮನ್ನೂ ಹಂಗ ನಿಂದರ್ಸತಿದ್ರು. ಸಾಹೇಬ್ರು ಬಂದ್ರ ಗಂಗಾಳ ಹಿಡಕೊಂಡು ಸಾಲಾಗಿ ನಿಂತು ನಗಬೇಕು. ಉಪ್ಪಿಟ್ಟು ಛಲೋ ಇತ್ತು, ಅದು ಛಲೋ ಇರಲಿಲ್ಲ. ದುಡ್ಡು ಕೊಡ್ರಿ. ಆದ್ರ ಹೆಸರು ಕೇಳಿ ಕೊಡ್ರಿ."

ಗ್ರೂಪಿನಲ್ಲಿ ಹಾಕಿದ್ದ ಮೆಸೇಜನ್ನು ನಾನು ಅಳಿಸಲಿಲ್ಲ. ಅದರ ಕೆಳಗೇ, ನಾನು ಅಂದದ್ದು ಅರ್ಧ ತಪ್ಪು ಅಂತ ಬರೆದು ಈ ಕಥೆ ಹಾಕಿದೆ. ಹೆಬ್ಬೆರಳು ಎರಡೇ ಬಿದ್ದವು. ಮಗಳು ಟೀಚರ್ ಹತ್ತಿರ ಹೋಗಿ ಆ ಹುಡುಗನ ಹೆಸರೇನು, ಅವನ ಶಾಲೆಯಲ್ಲಿ ಯಾವ ಭಾಷೆ ಕಲಿಸುತ್ತಾರೆ ಅಂತ ಕೇಳಿದ್ದಾಳೆ. ಸಂಸ್ಥೆಗೆ ಬರೆದು ತಿಳಿಸುತ್ತೇವೆ ಅಂದಿದ್ದಾರಂತೆ. ಅಪ್ಪ ಫೋನ್‌ಪೇಯಲ್ಲಿ ಇನ್ನೂರು ರೂಪಾಯಿ ಕಳಿಸಿದ್ದಾರೆ: ಡಬ್ಬಿಗೆ ನೂರು, ನಮ್ಮೂರ ಸಾಲಿ ಮಾಳಿಗೆಗೆ ನೂರು.