ಹಳೆಯ ಟ್ರ್ಯಾಕ್ಟರ್‌ಗಳಿಗೆ ಸೂಕ್ತ ಕೀಲೆಣ್ಣೆ ಮತ್ತು ಗ್ರೀಸ್‌ಗಳ ಆಯ್ಕೆ

ಇಪ್ಪತ್ತು–ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರ್‌ಗಳು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಂದಿಗೂ ಉಳುಮೆ, ಬಿತ್ತನೆ ಮತ್ತು ಸಾಗಣೆಯ ಕೆಲಸಗಳಲ್ಲಿ ತೊಡಗಿವೆ. ಮಹೀಂದ್ರಾ ಬಿ-275, ಮ್ಯಾಸ್ಸಿ ಫರ್ಗ್ಯೂಸನ್ 1035, ಎಚ್‌ಎಂಟಿ 2511, ಫೋರ್ಡ್ 3600 ಇವು ರೈತರಿಗೆ ಚಿರಪರಿಚಿತ ಮಾದರಿಗಳು. ಇವುಗಳ ಕೈಪಿಡಿಗಳು ಬಹುತೇಕ ಕಳೆದುಹೋಗಿವೆ. ಇದ್ದರೂ ಅವುಗಳಲ್ಲಿ ಸೂಚಿಸಿದ ದರ್ಜೆಯ ಎಣ್ಣೆ ಇಂದಿನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಹೀಗಾಗಿ ಅಂಗಡಿಯವರು ಕೊಟ್ಟದ್ದನ್ನೇ ತುಂಬುವ ರೂಢಿ ಬೆಳೆದಿದೆ. ಖುಷ್ಕಿ ಬೇಸಾಯದಲ್ಲಿ ಬಿತ್ತನೆಯ ಹದ ಕೆಲವೇ ದಿನಗಳು ಇರುತ್ತದೆ. ಆ ದಿನಗಳಲ್ಲಿ ಎಂಜಿನ್ ಸೀಜ್ ಆದರೆ ರಿಪೇರಿಯ ಖರ್ಚಿನ ಜೊತೆಗೆ ಬಿತ್ತನೆ ತಡವಾಗಿ ಆಗುವ ಇಳುವರಿ ನಷ್ಟವನ್ನೂ ಭರಿಸಬೇಕಾಗುತ್ತದೆ.

ಡಬ್ಬಿಯ ಮೇಲಿನ ಬರಹವನ್ನು ಓದುವ ಕ್ರಮ

ಎಣ್ಣೆಯ ಡಬ್ಬಿಯ ಮೇಲೆ ಎರಡು ವಿವರಗಳನ್ನು ಗಮನಿಸಬೇಕು.

1. ಎಸ್‌ಎಇ ಸಂಖ್ಯೆ: ಇದು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಮಂದತನವನ್ನು ಸೂಚಿಸುತ್ತದೆ. 20ಡಬ್ಲ್ಯೂ-40 ಎಂಬುದರಲ್ಲಿ ಮೊದಲ ಸಂಖ್ಯೆ ತಂಪಿನಲ್ಲಿ ಎಣ್ಣೆ ಹರಿಯುವ ಗುಣವನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉಳಿಯುವ ಮಂದತನವನ್ನೂ ತಿಳಿಸುತ್ತದೆ.

2. ಎಪಿಐ ದರ್ಜೆ: ‘ಎಸ್’ ಅಕ್ಷರದಿಂದ ಆರಂಭವಾಗುವ ದರ್ಜೆ ಪೆಟ್ರೋಲ್ ಎಂಜಿನ್‌ಗೆ, ‘ಸಿ’ಯಿಂದ ಆರಂಭವಾಗುವುದು ಡೀಸೆಲ್ ಎಂಜಿನ್‌ಗೆ. ಸಿಸಿ, ಸಿಡಿ ಹಳೆಯ ದರ್ಜೆಗಳು; ಸಿಎಫ್-4, ಸಿಎಚ್-4, ಸಿಐ-4 ಅನಂತರ ಬಂದವು. ಕೇವಲ ‘ಎಸ್’ ದರ್ಜೆ ಮಾತ್ರ ನಮೂದಿಸಿರುವ ಕಾರು ಅಥವಾ ಬೈಕ್ ಎಣ್ಣೆಯನ್ನು ಟ್ರ್ಯಾಕ್ಟರ್ ಎಂಜಿನ್‌ಗೆ ಹಾಕಬಾರದು.

ಎಂಜಿನ್ ಆಯಿಲ್

ಹಳೆಯ ಕೈಪಿಡಿಗಳು ಎಸ್‌ಎಇ 30 ಅಥವಾ 40ರ ಏಕದರ್ಜೆ ಎಣ್ಣೆಯನ್ನು ಸೂಚಿಸುತ್ತಿದ್ದವು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ರಾಯಚೂರು ಭಾಗಕ್ಕೂ ತಂಪಾದ ಮಲೆನಾಡಿಗೂ 20ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಬಹುದರ್ಜೆ ಎಣ್ಣೆ ಸಾಮಾನ್ಯವಾಗಿ ಹೊಂದುತ್ತದೆ. ಸಿಎಫ್-4, ಸಿಎಚ್-4 ಅಥವಾ ಸಿಐ-4 ದರ್ಜೆ ಸಾಕು. ಹೊಗೆ ಶೋಧಕ ಅಳವಡಿಸಿದ ಹೊಸ ವಾಹನಗಳಿಗಾಗಿ ರೂಪಿಸಿದ ದುಬಾರಿ ಎಣ್ಣೆಯಿಂದ ಹಳೆಯ ಎಂಜಿನ್‌ಗೆ ವಿಶೇಷ ಪ್ರಯೋಜನವಿಲ್ಲ.

ಉತ್ತಮ ದರ್ಜೆಯ ಎಣ್ಣೆಯಲ್ಲಿ ಮಸಿ ಮತ್ತು ಜಿಡ್ಡನ್ನು ಬಿಡಿಸುವ ರಾಸಾಯನಿಕಗಳಿರುತ್ತವೆ. ಬಹುಕಾಲ ಕಳಪೆ ಎಣ್ಣೆಯಲ್ಲಿ ಓಡಿದ ಎಂಜಿನ್‌ಗೆ ಇದನ್ನು ಹಾಕಿದಾಗ ಒಳಗಿನ ಜಿಡ್ಡು ಸಡಿಲಗೊಂಡು ಫಿಲ್ಟರ್ ಕಟ್ಟಿಕೊಳ್ಳಬಹುದು. ಆದ್ದರಿಂದ ದರ್ಜೆ ಬದಲಿಸಿದ ಮೊದಲ ಸಲ ಸುಮಾರು 50 ಗಂಟೆಗಳ ಕೆಲಸದ ನಂತರವೇ ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಅನಂತರ ಸಾಮಾನ್ಯ ಅವಧಿಯನ್ನು ಅನುಸರಿಸಿ.

ಗೇರ್ ಬಾಕ್ಸ್, ಹೈಡ್ರಾಲಿಕ್ ಮತ್ತು ಬ್ರೇಕ್

ಗೇರ್ ಎಣ್ಣೆಯ ಸಂಖ್ಯೆಗಳು ಬೇರೆ ಅಳತೆಗೆ ಸೇರಿದವು. ಗೇರ್ ಎಣ್ಣೆಯ 90, ಮಂದತನದಲ್ಲಿ ಎಂಜಿನ್ ಎಣ್ಣೆಯ 40–50ಕ್ಕೆ ಸಮೀಪವಾದುದು. ಆದ್ದರಿಂದ ಸಂಖ್ಯೆ ದೊಡ್ಡದೆಂಬ ಕಾರಣಕ್ಕೆ ಎಣ್ಣೆ ಇಮ್ಮಡಿ ಮಂದವೆಂದು ಭಾವಿಸಬಾರದು.

• ಜಿಎಲ್-4 ಮತ್ತು ಜಿಎಲ್-5 ಒಂದೇ ಅಲ್ಲ. ಜಿಎಲ್-5ರಲ್ಲಿ ಗಂಧಕ–ರಂಜಕದ ಮಿಶ್ರಣ ಹೆಚ್ಚಾಗಿದ್ದು, ಹಳೆಯ ಗೇರ್ ಬಾಕ್ಸ್‌ಗಳ ಹಿತ್ತಾಳೆ ಮತ್ತು ಕಂಚಿನ ಬುಶ್‌ಗಳನ್ನು ಕಾಲಕ್ರಮೇಣ ತಿನ್ನಬಹುದು. ಕೈಪಿಡಿ ಸ್ಪಷ್ಟವಾಗಿ ಕೇಳದ ಹೊರತು ಜಿಎಲ್-4 ದರ್ಜೆಯನ್ನೇ ಬಳಸಿ.

• ಹಲವು ಮಾದರಿಗಳಲ್ಲಿ ಗೇರ್ ಮತ್ತು ಹೈಡ್ರಾಲಿಕ್ ಲಿಫ್ಟ್‌ಗೆ ಒಂದೇ ಎಣ್ಣೆ. ಅಂತಹವುಗಳಿಗೆ ಟ್ರ್ಯಾಕ್ಟರ್ ಟ್ರಾನ್ಸ್‌ಮಿಶನ್ ಆಯಿಲ್ (ಯುಟಿಟಿಒ) ಎಂದು ನಮೂದಿಸಿದ ಎಣ್ಣೆ ದೊರೆಯುತ್ತದೆ. ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ವಿವರವನ್ನು ನಿಮ್ಮ ಮಾದರಿಗೆ ತಾಳೆ ನೋಡಿ.

• ಬ್ರೇಕ್ ಎಣ್ಣೆಯಲ್ಲಿ ಮುಳುಗಿರುವ ಮಾದರಿಗಳಿಗೆ ಸಾದಾ 90 ನಂಬರ್ ಗೇರ್ ಎಣ್ಣೆ ಹಾಕಿದರೆ ಬ್ರೇಕ್ ಜಾರುತ್ತದೆ, ಕೀರಲು ಶಬ್ದ ಬರುತ್ತದೆ. ಒಣ ಬ್ರೇಕ್ ಇರುವ ಮಾದರಿಗಳಲ್ಲಿ ಆಕ್ಸಲ್ ಸೀಲ್ ಸೋರಿ ಎಣ್ಣೆ ಬ್ರೇಕ್‌ಗೆ ತಗುಲಿದರೆ ತುಂಬಿದ ಟ್ರೈಲರ್ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಸೋರಿಕೆ ಕಂಡ ದಿನವೇ ಸೀಲ್ ಬದಲಿಸಿ. ಎಣ್ಣೆ ತುಂಬಿ ಮುಂದೂಡಬೇಡಿ.

ಏರ್ ಕ್ಲೀನರ್ ಮತ್ತು ಡೀಸೆಲ್ ಪಂಪ್

ಹಳೆಯ ಟ್ರ್ಯಾಕ್ಟರ್‌ಗಳ ಏರ್ ಕ್ಲೀನರ್‌ನ ಬಟ್ಟಲಿನಲ್ಲಿ ಎಣ್ಣೆ ಇರುತ್ತದೆ. ಇದಕ್ಕೆ ಎಂಜಿನ್‌ಗೆ ಬಳಸುವ ಎಣ್ಣೆಯನ್ನೇ ಗುರುತಿನವರೆಗೆ ತುಂಬಿ. ಗುರುತು ಮೀರಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಹತೋಟಿ ತಪ್ಪಿ ಓಡುವ ಅಪಾಯವಿದೆ. ಬೇಸಿಗೆ ಉಳುಮೆ ಹಾಗೂ ಒಕ್ಕಣೆಯ ದಿನಗಳಲ್ಲಿ ಬಟ್ಟಲನ್ನು ನಿತ್ಯ ಪರೀಕ್ಷಿಸಿ, ತಳದಲ್ಲಿ ಮಣ್ಣು ಕೂತಿದ್ದರೆ ತೊಳೆದು ಹೊಸ ಎಣ್ಣೆ ಹಾಕಿ. ಕೆಲವು ಡೀಸೆಲ್ ಪಂಪ್‌ಗಳಿಗೆ ಪ್ರತ್ಯೇಕ ಎಣ್ಣೆಯ ಕೋಣೆ ಇರುತ್ತದೆ. ಮೆಕ್ಯಾನಿಕ್‌ರಿಂದ ಇದನ್ನು ಒಮ್ಮೆ ಖಚಿತಪಡಿಸಿಕೊಳ್ಳಿ.

ಗ್ರೀಸ್

ಎನ್‌ಎಲ್‌ಜಿಐ 2 ದರ್ಜೆಯ ಲಿಥಿಯಂ ಗ್ರೀಸ್ ಬಹುತೇಕ ನಿಪ್ಪಲ್‌ಗಳಿಗೆ ಸೂಕ್ತ. ಕ್ಯಾಲ್ಸಿಯಂ ಗ್ರೀಸ್ ನೀರನ್ನು ತಡೆಯುತ್ತದೆ, ಆದರೆ ಶಾಖಕ್ಕೆ ಬೇಗ ಕರಗುತ್ತದೆ. ಕೆಸರು ಗದ್ದೆಯ ಉಳುಮೆ ಮುಗಿದ ಪ್ರತಿ ಸಂಜೆ, ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ತುಂಬಿ. ಎರಡು ಬಗೆಯ ಗ್ರೀಸ್‌ಗಳನ್ನು ಬೆರೆಸಬೇಡಿ.

ಬದಲಾವಣೆಯ ಅವಧಿ

ಕೈಪಿಡಿ ಇಲ್ಲದಿದ್ದಲ್ಲಿ ಎಂಜಿನ್ ಎಣ್ಣೆಯನ್ನು 200 ಗಂಟೆ ಮೀರಿ ಓಡಿಸಬೇಡಿ. ಅವರ್ ಮೀಟರ್ ಕೆಟ್ಟಿದ್ದರೆ ಡೀಸೆಲ್ ಲೆಕ್ಕ ಹಿಡಿಯಿರಿ. 35 ಅಶ್ವಶಕ್ತಿಯ ಟ್ರ್ಯಾಕ್ಟರ್ ಗಂಟೆಗೆ 3ರಿಂದ 4 ಲೀಟರ್ ಡೀಸೆಲ್ ಬಳಸುತ್ತದೆಂದು ಎಣಿಸಿದರೆ, 600 ಲೀಟರ್ ಎಂದರೆ 150ರಿಂದ 200 ಗಂಟೆ. ಅಷ್ಟು ಡೀಸೆಲ್ ಮುಗಿದಾಗ ಎಣ್ಣೆ ಬದಲಿಸಿ. ಕಡಿಮೆ ಕೆಲಸವಿದ್ದರೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ ಬದಲಿಸುವುದು ಒಳಿತು.

ಎಣ್ಣೆ ತೋರಿಸುವ ಲಕ್ಷಣಗಳು

• ಕಪ್ಪು ಬಣ್ಣ: ಡೀಸೆಲ್ ಎಂಜಿನ್‌ನಲ್ಲಿ ಸಹಜ. ಕೇವಲ ಬಣ್ಣ ನೋಡಿ ಎಣ್ಣೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.
• ಹಾಲು ಬೆರೆತಂತಹ ಬಣ್ಣ: ನೀರು ಸೇರಿದೆ. ಎಂಜಿನ್ ಚಾಲನೆ ಮಾಡದೆ ಹೆಡ್ ಗ್ಯಾಸ್ಕೆಟ್ ಮತ್ತು ಲೈನರ್ ಸೀಲ್ ಪರೀಕ್ಷಿಸಿ.
• ಅಳತೆ ಕಡ್ಡಿಯಲ್ಲಿ ಮಟ್ಟ ಏರಿಕೆ, ಡೀಸೆಲ್ ವಾಸನೆ: ಫೀಡ್ ಪಂಪ್ ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ತೆಳುವಾದ ಎಣ್ಣೆ ಬೇರಿಂಗ್‌ಗಳನ್ನು ಕಾಪಾಡಲಾರದು.
• ಬೆರಳಿಗೆ ಲೋಹದ ಚೂರು ತಗುಲಿದರೆ: ಟ್ರ್ಯಾಕ್ಟರ್ ನಿಲ್ಲಿಸಿ, ತಜ್ಞರಿಗೆ ತೋರಿಸಿ.

ಬಳಸಿದ ಎಣ್ಣೆಯ ವಿಲೇವಾರಿ

ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಇದು ಮಣ್ಣಿಗೆ ಬಿದ್ದರೆ ಕಣಗಳ ಮೇಲೆ ಲೇಪವಾಗಿ ನೀರು ಇಂಗುವುದನ್ನು ತಡೆಯುತ್ತದೆ; ಬೇರುಗಳಿಗೂ ಮಣ್ಣಿನ ಜೀವಿಗಳಿಗೂ ಹಾನಿ ಮಾಡುತ್ತದೆ. ಬಾವಿ, ಕೆರೆ, ಕಾಲುವೆಗಳ ಬಳಿ ಎಣ್ಣೆ ಬದಲಿಸಬೇಡಿ. ದನಗಳ ಗಾಯಕ್ಕೆ ಸವರುವುದು, ಒಲೆಗೆ ಸುರಿಯುವುದು ಸಹ ಅಪಾಯಕಾರಿ. ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮುಂಗಾರು ಪೂರ್ವ ಸಭೆಗಳಲ್ಲಿ ಬೀಜ, ಗೊಬ್ಬರದ ಮಾಹಿತಿಯೊಂದಿಗೆ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಡಿ. ಪ್ರತಿ ರೈತರೂ ತಮ್ಮ ಟ್ರ್ಯಾಕ್ಟರ್‌ನ ಮಾದರಿ, ಹಾಕಿದ ಎಣ್ಣೆಯ ದರ್ಜೆ, ಬದಲಿಸಿದ ದಿನಾಂಕ ಮತ್ತು ಡೀಸೆಲ್ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಪ್ರೇರೇಪಿಸಿ. ಬಾಡಿಗೆಗೆ ಓಡಿಸುವ ಚಾಲಕರೂ ಆ ಪುಸ್ತಕವನ್ನು ತುಂಬುವಂತಿರಬೇಕು. ಮಾದರಿಗೆ ಅನುಗುಣವಾದ ಸಲಹೆಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.