ಊಟ ಮಾಡಿದರೆ ಕಾರ್ಟಿಸೋಲ್ ಏರುವ ಕಾಯಿಲೆ ಇದೆಯೇ? ಇದೆ, ಆದರೆ ಬಲು ಅಪರೂಪ

ಮುಖ ಸ್ವಲ್ಪ ಊದಿಕೊಂಡರೆ ಸಾಕು, ಅದು ‘ಕಾರ್ಟಿಸೋಲ್ ಫೇಸ್’, ಇಂಥದ್ದನ್ನು ತಿನ್ನಬೇಡಿ ಎನ್ನುವ ವಿಡಿಯೋಗಳು ಹರಿದಾಡುತ್ತಿವೆ. ಊಟದಿಂದ ಕಾರ್ಟಿಸೋಲ್ ಮಿತಿಮೀರುವ ಕಾಯಿಲೆ ನಿಜಕ್ಕೂ ಇದೆ. ಆದರೆ ಅಲ್ಲಿ ದೋಷ ಇರುವುದು ಊಟದಲ್ಲಲ್ಲ, ಗ್ರಂಥಿಯಲ್ಲಿ. ಹೇಗೆಂದು ನೋಡೋಣ.

ಕಾರ್ಟಿಸೋಲ್ ಯಾರ ಮಾತು ಕೇಳುತ್ತದೆ?

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ತಯಾರಿಸುತ್ತವೆ. ಎಷ್ಟು ಬೇಕೆಂದು ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಕಳಿಸುವ ಎಸಿಟಿಎಚ್ ಹಾರ್ಮೋನ್ ಕೀಲಿಕೈ ಇದ್ದಂತೆ. ಅಡ್ರಿನಲ್ ಕೋಶದ ಮೇಲಿನ ರಿಸೆಪ್ಟರ್ ಬೀಗ. ಕಾರ್ಟಿಸೋಲ್ ಸಾಕಷ್ಟಾದಾಗ ಪಿಟ್ಯುಟರಿ ಸುಮ್ಮನಾಗುತ್ತದೆ.

ತಪ್ಪು ಜಾಗದಲ್ಲಿ ಬೀಗ

ಊಟವಾದಾಗ ಸಣ್ಣಕರುಳು ಜಿಐಪಿ ಎಂಬ ಹಾರ್ಮೋನ್ ಬಿಡುತ್ತದೆ. ಇನ್ಸುಲಿನ್ ಹೆಚ್ಚಿಸುವುದು ಇದರ ಕೆಲಸ. ಕಾರ್ಟಿಸೋಲ್‌ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಕೆಲವೇ ಕೆಲವರಲ್ಲಿ ಅಡ್ರಿನಲ್ ಕೋಶಗಳ ಮೇಲೆ ಜಿಐಪಿ ರಿಸೆಪ್ಟರ್ ಬಂದುಬಿಟ್ಟಿರುತ್ತದೆ. ಅವರು ಉಂಡಾಗಲೆಲ್ಲ ಕಾರ್ಟಿಸೋಲ್ ಏರುತ್ತದೆ, ಖಾಲಿ ಹೊಟ್ಟೆಯಲ್ಲಿ ಇಳಿಯುತ್ತದೆ. ಪಿಟ್ಯುಟರಿ ಸುಮ್ಮನಾದರೂ ಇದು ನಿಲ್ಲುವುದಿಲ್ಲ. 1992ರಲ್ಲಿ ಕೆನಡಾ ಮತ್ತು ಫ್ರಾನ್ಸ್‌ನ ವೈದ್ಯರ ತಂಡಗಳು ಇದನ್ನು ವರದಿ ಮಾಡಿದವು. ಇಂಥವರಲ್ಲಿ ಹಲವರಿಗೆ ಕೆಡಿಎಂ1ಎ ಜೀನ್‌ನಲ್ಲಿ ದೋಷವಿರುವುದು 2021ರಲ್ಲಿ ತಿಳಿಯಿತು. ಈ ದೋಷ ವಂಶಪಾರಂಪರ್ಯವಾಗಿಯೂ ಬರಬಹುದು.

ಬೇರೆ ಹಾರ್ಮೋನ್‌ಗಳ ರಿಸೆಪ್ಟರ್‌ಗಳೂ ಹೀಗೆ ದಾರಿ ತಪ್ಪುವುದುಂಟು. 1999ರಲ್ಲಿ ವರದಿಯಾದ ಒಬ್ಬ ಮಹಿಳೆಗೆ ಗರ್ಭಿಣಿಯಾಗಿದ್ದಾಗ ಮತ್ತು ಮುಟ್ಟು ನಿಂತ ಮೇಲೆ ಕಾರ್ಟಿಸೋಲ್ ಹೆಚ್ಚಾಗುತ್ತಿತ್ತು. ಎಲ್‌ಎಚ್ ಹಾರ್ಮೋನ್ ತಗ್ಗಿಸುವ ಔಷಧದಿಂದಲೇ ಅದು ಹತೋಟಿಗೆ ಬಂತು, ಗ್ರಂಥಿ ತೆಗೆಯಬೇಕಾಗಲಿಲ್ಲ. ಯಾವ ಬೀಗ ಎಂದು ಪತ್ತೆಹಚ್ಚುವುದರ ಲಾಭ ಇದೇ.

ಹಾಗಾದರೆ ಉಪವಾಸ ಮಾಡಬೇಕೇ?

ಬೇಡ. ಉಪವಾಸ ಇದಕ್ಕೆ ಚಿಕಿತ್ಸೆಯಲ್ಲ. ಮುಖ ಊದಲು ನಿದ್ದೆಗೇಡು, ಉಪ್ಪು, ಅಲರ್ಜಿ ಹೀಗೆ ನೂರು ಕಾರಣಗಳಿವೆ. ಕಾರ್ಟಿಸೋಲ್ ಮಿತಿಮೀರುವ ಸ್ಥಿತಿಗೆ ಕುಶಿಂಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ದುಂಡಗಾಗುವ ಮುಖದ ಜೊತೆಗೆ ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸಣ್ಣ ಪೆಟ್ಟಿಗೂ ಚರ್ಮ ಕಪ್ಪುಗಟ್ಟುವುದು, ಕುಳಿತಲ್ಲಿಂದ ಏಳಲು ತೊಡೆಗಳಲ್ಲಿ ಬಲವಿಲ್ಲದಿರುವುದು, ಬಿಪಿ, ಶುಗರ್ ಏರುವುದು ಇದರ ಲಕ್ಷಣಗಳು. ಇವು ಕಂಡರೆ ಹಾರ್ಮೋನ್ ತಜ್ಞರನ್ನು ಕಾಣಿ.

ಇನ್ನೊಂದು ಮಾತು. ಈ ಸ್ಥಿತಿಗೆ ಅತಿ ಸಾಮಾನ್ಯ ಕಾರಣ ದೀರ್ಘಕಾಲ ಬಳಸುವ ಸ್ಟೀರಾಯ್ಡ್ ಔಷಧಗಳು. ವಿಡಿಯೋ ನೋಡಿ ಅವನ್ನು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಇಳಿಸಬೇಕು. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.