ಮಿದುಳಿನ ಪೇಸ್‌ಮೇಕರ್: ಬ್ಯಾಟರಿ ಮುಗಿದಾಗಲೆಲ್ಲ ತಲೆಬುರುಡೆ ಕೊರೆಯುತ್ತಾರೆಯೇ?

"ಪಾರ್ಕಿನ್‌ಸನ್ ಕಾಯಿಲೆಯವರ ತಲೆಯೊಳಗೆ ಬ್ಯಾಟರಿ ಇಡುತ್ತಾರೆ, ಅದು ಖಾಲಿಯಾದಾಗಲೆಲ್ಲ ಮತ್ತೆ ತಲೆ ಕೊರೆಯುತ್ತಾರೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ಬ್ಯಾಟರಿ ಖಾಲಿಯಾಗುತ್ತದೆ, ಬದಲಿಸಲೂ ಬೇಕು. ಆದರೆ ಅದು ಇರುವುದು ಸಾಮಾನ್ಯವಾಗಿ ಎದೆಯಲ್ಲಿ, ತಲೆಯಲ್ಲಲ್ಲ.

ಡಿಬಿಎಸ್ ಎಂಬ ಈ ಚಿಕಿತ್ಸೆಯನ್ನು ಇಂದಿನ ರೂಪಕ್ಕೆ ತಂದವರು ಫ್ರಾನ್ಸಿನ ಗ್ರೆನೋಬಲ್‌ನ ವೈದ್ಯ ಅಲಿಮ್ ಲೂಯಿ ಬೆನಾಬಿದ್ ಮತ್ತು ಅವರ ತಂಡ, 1987ರಲ್ಲಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದನ್ನು ಮಾಡುತ್ತಾರೆ. ಮಿದುಳಿನ ಆಳದಲ್ಲಿ ಸಣ್ಣ ತಂತಿ ಇರುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು ತಂತಿ ಕಿವಿಯ ಹಿಂದಿನಿಂದ ಚರ್ಮದಡಿಯಲ್ಲೇ ಕತ್ತಿನ ಮೂಲಕ ಇಳಿದು, ಕಾಲರ್ ಬೋನ್ ಕೆಳಗಿನ ಪುಟ್ಟ ಪೆಟ್ಟಿಗೆಯನ್ನು ಸೇರುತ್ತದೆ. ಬ್ಯಾಟರಿ ಇರುವುದು ಆ ಪೆಟ್ಟಿಗೆಯಲ್ಲಿ. (ಅಪಸ್ಮಾರಕ್ಕೆ ಬಳಸುವ ಒಂದು ಬಗೆಯ ಸಾಧನ ತಲೆಬುರುಡೆಯಲ್ಲೇ ಕೂರುತ್ತದೆ. ಅದು ಬೇರೆಯೇ ಸಾಧನ.)

ಬ್ಯಾಟರಿ ಬದಲಿಸುವಾಗ ಏನು ಮಾಡುತ್ತಾರೆ?

ಎದೆಯ ಹಳೆಯ ಗಾಯದ ಗುರುತಿನ ಬಳಿ ಚರ್ಮ ಬಿಡಿಸಿ, ಹಳೆಯ ಪೆಟ್ಟಿಗೆ ತೆಗೆದು, ಅದೇ ತಂತಿಗೆ ಹೊಸದನ್ನು ಜೋಡಿಸಿ ಹೊಲಿಗೆ ಹಾಕುತ್ತಾರೆ. ಮಿದುಳಿನ ತಂತಿಯನ್ನು ಮುಟ್ಟುವುದಿಲ್ಲ. ಎಷ್ಟೋ ಜನರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ಮೊದಲ ಸರ್ಜರಿಗೆ ಹೋಲಿಸಿದರೆ ಇದು ಚಿಕ್ಕದು. ಹಾಗೆಂದು ಅಪಾಯವೇ ಇಲ್ಲ ಎನ್ನುವಂತಿಲ್ಲ: ಸೋಂಕು ತಗುಲಿದರೆ ಕೆಲವೊಮ್ಮೆ ಸಾಧನವನ್ನೇ ತೆಗೆಯಬೇಕಾಗುತ್ತದೆ. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಮನೆಮದ್ದು ಹಚ್ಚುತ್ತಾ ಕೂರಬೇಡಿ.

ನಿಜವಾದ ಭಯ ಇರುವುದು ಬೇರೆ ಕಡೆ. 'ಮತ್ತೆ ತಲೆ ಆಪರೇಷನ್' ಎಂದು ಹೆದರಿಯೋ, ಲಕ್ಷಗಟ್ಟಲೆ ಖರ್ಚಿಗೆ ಅಂಜಿಯೋ ಬದಲಾವಣೆಯನ್ನು ಮುಂದೂಡಿದರೆ ಬ್ಯಾಟರಿ ಒಂದು ದಿನ ನಿಂತೇ ಹೋಗುತ್ತದೆ. ನಡುಕ ಕೆಲವೇ ನಿಮಿಷಗಳಲ್ಲಿ ಮರಳಬಹುದು. ಬಿಗಿತ, ನಿಧಾನಗತಿ ಗಂಟೆಗಳಲ್ಲಿ ಹೆಚ್ಚುತ್ತಾ ಹೋಗುತ್ತವೆ. ಡಿಬಿಎಸ್ ಆದಮೇಲೆ ಅನೇಕರಿಗೆ ಮಾತ್ರೆಗಳನ್ನು ಕಡಿಮೆ ಮಾಡಿರುತ್ತಾರೆ. ವರ್ಷಗಳ ನಂತರ ಸಾಧನ ಏಕಾಏಕಿ ನಿಂತಾಗ, ಅವನ್ನು ಹೆಚ್ಚಿಸಿದರೂ ಸಾಲದೆ ಹೋಗಬಹುದು. ಕೆಲವರಲ್ಲಿ ಕೈಕಾಲು ಆಡದೆ, ನುಂಗಲಾಗದೆ, ಜೀವಕ್ಕೇ ಕುತ್ತು ಬಂದದ್ದುಂಟು. ಇಂಥ ಸ್ಥಿತಿಯಲ್ಲಿ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರೋಗಿಗೆ ಕೊಟ್ಟಿರುವ ರಿಮೋಟ್ ಬ್ಯಾಟರಿಯ ಸ್ಥಿತಿಯನ್ನು ತೋರಿಸುತ್ತದೆ, ಮುಗಿಯುವ ಮೊದಲೇ ಎಚ್ಚರಿಸುತ್ತದೆ. ಅದನ್ನು ಡ್ರಾಯರ್‌ನಲ್ಲಿಟ್ಟು ಮರೆಯುವ ಮನೆಗಳೇ ಹೆಚ್ಚೇನೋ!

ಚಾರ್ಜ್ ಮಾಡುವ ಬ್ಯಾಟರಿ ಬಂದಿದೆಯಲ್ಲ?

ಬಂದಿದೆ. ಮಾಮೂಲಿ ಬ್ಯಾಟರಿ ಸುಮಾರು 3ರಿಂದ 5 ವರ್ಷ ಬಂದರೆ, ಚಾರ್ಜ್ ಮಾಡುವಂಥದ್ದು 15 ವರ್ಷದವರೆಗೂ ಬರಬಹುದು. ಚುಚ್ಚುವುದು, ವೈರ್ ಸಿಕ್ಕಿಸುವುದು ಏನೂ ಇಲ್ಲ. ಚಾರ್ಜರ್‌ನ ಬಿಲ್ಲೆಯನ್ನು ಎದೆಯ ಮೇಲೆ ಇಟ್ಟುಕೊಂಡರೆ ಚರ್ಮದ ಮೂಲಕವೇ ಚಾರ್ಜ್ ಆಗುತ್ತದೆ. ಕೆಲವರು ದಿನಾ ಅರ್ಧ ಗಂಟೆ ಮಾಡುತ್ತಾರೆ, ಕೆಲವರು ವಾರಕ್ಕೊಮ್ಮೆ ಕೆಲವು ಗಂಟೆ. ಆ ಜಾಗ ತುಸು ಬೆಚ್ಚಗಾಗುವುದು ಸಹಜ. ಮೊಬೈಲ್‌ನ ವೈರ್‌ಲೆಸ್ ಚಾರ್ಜರ್ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಎಲ್ಲರಿಗೂ ಇದೇ ಒಳ್ಳೆಯದೇ? ನಮಗೆ ಹಾಗನ್ನಿಸುವುದಿಲ್ಲ. ಕೈ ನಡುಗುವ, ಮರೆವಿರುವ, ಒಬ್ಬರೇ ಇರುವ ಹಿರಿಯರಿಗೆ ಚಾರ್ಜಿಂಗ್ ದೊಡ್ಡ ಹೊರೆ. ಅಂಥವರಿಗೆ ಕೆಲವು ವರ್ಷಕ್ಕೊಮ್ಮೆ ಸಣ್ಣ ಸರ್ಜರಿಯೇ ವಾಸಿ ಎನ್ನಿಸಬಹುದು. ಮನೆಯಲ್ಲಿ ಚಾರ್ಜ್ ಮಾಡಿಸುವವರು ಯಾರು ಎಂಬುದನ್ನು ವೈದ್ಯರ ಬಳಿ ಮೊದಲೇ ಚರ್ಚಿಸಿ.

ಇನ್ನೆರಡು ಮಾತು. ಫಿಸಿಯೋಥೆರಪಿಯಲ್ಲಿ ಬಳಸುವ ಡಯಾಥರ್ಮಿ ಎಂಬ ಶಾಖ ಚಿಕಿತ್ಸೆ ಈ ರೋಗಿಗಳಿಗೆ ಕೂಡದು. ತಂತಿ ಬಿಸಿಯಾಗಿ ಮಿದುಳಿಗೆ ಹಾನಿಯಾಗಬಹುದು. ಸಾಧನವಿರುವವರು ತೀರಿಕೊಂಡಾಗ ದಹನಕ್ಕೆ ಮುನ್ನ ಎದೆಯ ಪೆಟ್ಟಿಗೆಯನ್ನು ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ, ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿಡಿ.